ಒಟ್ಟಿಲಿಯಾ, ಎರಡು ಸಲ

ಊರು ಅಂದರೆ ಮೂರು ಧಾನ್ಯದ ಗೋಪುರ, ಒಂದು ಇಗರ್ಜಿ,
ಬೀಗ ಬಿದ್ದ ಅಂಚೆ ಕಚೇರಿ, ಮತ್ತೆ ನಮ್ಮ ಲಿಯೋನಾ ಅತ್ತೆ.
ಸೂರ್ಯಕಾಂತಿ ಬೀಜ ಕಡಿದು
ಸಿಪ್ಪೆಯನ್ನು ತುಟಿಯ ಬಲಮೂಲೆಯಿಂದ ಉಗಿಯುತ್ತ
"ಸತ್ತವರನ್ನು ಎಣಿಸಿ ಏನು ಮಾಡ್ತೀಯೆ?
ಇದ್ದ ಹಸುಗಳನ್ನೇ ನಿಮ್ಮಪ್ಪ ನೆಟ್ಟಗೆ ಎಣಿಸಲಿಲ್ಲ" ಅಂದಳು.

ಆದರೂ ಪೆಟ್ಟಿಗೆ ತೆರೆದುಕೊಟ್ಟಳು.

ಮನೆತನದ ಹೆಸರು ಪ್ಫೈಫ್ಲೆ.
ಪಕಾರ ಫಕಾರ ಎರಡನ್ನೂ ಒಂದೇ ಉಸಿರಲ್ಲಿ ಒತ್ತಬೇಕು,
ಬಿಸಿ ಆಲೂಗಡ್ಡೆ ಬಾಯಲ್ಲಿಟ್ಟುಕೊಂಡ ಹಾಗೆ.
ಜನಗಣತಿಯವನು ಪಕಾರ ನುಂಗಿದ.
ಬ್ಯಾಂಕಿನವನು ಬಾಲ ಕತ್ತರಿಸಿದ.
ಹದಿನೆಂಟರಲ್ಲಿ, ಯುದ್ಧದ ಕೊನೆಗೆ,
ಜರ್ಮನ್ ಮಾತಾಡುವವರ ಕಣಜಕ್ಕೆ
ರಾತ್ರೋರಾತ್ರಿ ಹಳದಿ ಬಣ್ಣ ಬಳಿಯುತ್ತಿದ್ದಾಗ
ಉಳಿದದ್ದನ್ನು ಮುದುಕ ಗಾಟ್‌ಲೀಬನೇ ಒರೆಸಿ
ಫೈಫ್ ಎಂದು ಬರೆದ.
ನಾನೀಗ ಹಿಮ್ಮುಖ ಹೊರಟಿದ್ದೇನೆ
ನುಂಗಿದ ಅಕ್ಷರಗಳನ್ನು ಒಂದೊಂದಾಗಿ ಕಕ್ಕಿಸುತ್ತ.

ಇಗರ್ಜಿಯ ದಾಖಲೆ ಪುಸ್ತಕ, ಹಳೆಯ ಜರ್ಮನ್ ಕೈಬರಹ:
ಎನ್, ಎಮ್, ಯು, ಇ, ಎಲ್ಲವೂ ಒಂದೇ ಗರಗಸದ ಹಲ್ಲು.
ಭೂತಗನ್ನಡಿ ಹಿಡಿದು ಮೂರು ಡಕೋಟಾ ಚಳಿಗಾಲ ಕೂತೆ.

ವ್ಯುರ್ಟೆಂಬರ್ಗಿನ ದ್ರಾಕ್ಷಿ ಗುಡ್ಡ ಬಿಟ್ಟು
ಕಪ್ಪು ಸಮುದ್ರದ ಬಯಲಲ್ಲಿ ಮೂರು ತಲೆ ಗೋಧಿ ಬಿತ್ತಿ
ಅಲ್ಲಿಂದಲೂ ಎದ್ದು
ಗಾಟ್‌ಲೀಬ್, ರೆಗೀನಾ ಹಡಗು ಹತ್ತಿದ್ದು
ಸಾವಿರದೆಂಟುನೂರ ಎಂಬತ್ತೊಂಬತ್ತರ ಅಕ್ಟೋಬರ್.
ಪ್ರಯಾಣಿಕರ ಪಟ್ಟಿಯಲ್ಲಿ ಅವರ ಕೆಳಗೆ:
ಒಟ್ಟಿಲಿಯಾ. ಹೆಣ್ಣು. ಎಂಟು ತಿಂಗಳು.
ನನ್ನ ಮುತ್ತಜ್ಜಿ
ಎಂದುಕೊಂಡಿದ್ದೆವು ನಾವೆಲ್ಲ.

ಜನವರಿಯ ಪುಟದಲ್ಲಿ, ಪಾದ್ರಿಯ ಮಸಿ ಹೆಪ್ಪುಗಟ್ಟಿ ತೊದಲಿದ ಕಡೆ,
ಒಟ್ಟಿಲಿಯಾ, ಗಾಟ್‌ಲೀಬನ ಮಗಳು, ಗಂಟಲುಬೇನೆ.
ಹಾರೆಗೆ ನೆಲ ಬಾಯಿಬಿಡದೆ
ಏಪ್ರಿಲ್‌ವರೆಗೂ ಕೊಟ್ಟಿಗೆಯಲ್ಲಿ
ಬಿತ್ತನೆ ಗೋಧಿಯ ಚೀಲಗಳ ನಡುವೆ ಇಟ್ಟಿದ್ದರು.

ಎರಡು ಹಾಳೆ ತಿರುವಿದರೆ
ಮತ್ತೆ ಒಟ್ಟಿಲಿಯಾ, ಮತ್ತೆ ಗಾಟ್‌ಲೀಬನ ಮಗಳು,
ತೊಂಬತ್ತೊಂದರ ಮಾರ್ಚ್.
ತೊಟ್ಟಿಲು ಇತ್ತು, ಕುಲಾವಿ ಇತ್ತು,
ಹೆಸರೂ ಇತ್ತು, ಇನ್ನೂ ಸವೆದಿರಲಿಲ್ಲ.

ಸಗಣಿಗೆ ಹುಲ್ಲು ಬೆರೆಸಿ ತುಳಿದು, ಇಟ್ಟಿಗೆ ಕೊಯ್ದು,
ಒಣಗಿಸಿ ಉರಿಸುವ ಬೆರಣಿಯ ವಿದ್ಯೆ
ಸಮುದ್ರ ದಾಟಿಸಿ ತಂದವರು.
ಮಣ್ಣಿನ ಆ ಮನೆಗೆ
ಜನನಪತ್ರ ಕೊಡುವ ಕಚೇರಿ ಎಲ್ಲಿಂದ ಬರಬೇಕು?
ಇದ್ದದ್ದು ಒಂದೇ ಕಾಗದ, ಸತ್ತವಳ ದೀಕ್ಷಾಸ್ನಾನದ್ದು.
ಅದರ ಮೇಲೆಯೇ ಮುತ್ತಜ್ಜಿ ಬಾಳಿದಳು.
ಅಕ್ಕನ ತಾರೀಖಿಗೆ ಕೇಕು ಕತ್ತರಿಸಿ,
ಇನ್ನೊಬ್ಬ ಪ್ಫೈಫ್ಲೆಯನ್ನೇ ಮದುವೆಯಾಗಿ
(ಆ ಬಯಲಲ್ಲಿ ಬೇರೆ ಯಾರಿದ್ದರು),
ಹನ್ನೊಂದು ಹೆತ್ತು,
ಎರಡು ವರ್ಷ ಮೊದಲೇ ಸರ್ಕಾರದ ಪಿಂಚಣಿ ಎಣಿಸಿಕೊಂಡು.

"ಅವಳಿಗೆ ಗೊತ್ತಿತ್ತಾ ಅತ್ತೆ?"
ಬೀಜ ಕಡಿಯುವುದು ನಿಂತಿತು.
"ಹುಟ್ಟುಹಬ್ಬದ ದಿನ ಮೊದಲ ತುಂಡು
ಯಾರೂ ಮುಟ್ಟೋ ಹಾಗಿರಲಿಲ್ಲ.
ಸಂಜೆ ಕೋಳಿಗಳಿಗೆ ಹಾಕ್ತಿದ್ದಳು.
ಕೋಳಿ ಅಂದ್ರೆ ಪ್ರೀತಿ ಅಂದ್ಕೊಂಡಿದ್ವಿ."

ದಿಬ್ಬದ ಮೇಲಿನ ಸ್ಮಶಾನದಲ್ಲಿ ಕಮ್ಮಾರ ಬಡಿದ ಕಬ್ಬಿಣದ ಶಿಲುಬೆಗಳು.
ಮೊಣಕಾಲೆತ್ತರದ್ದೊಂದಕ್ಕೆ ಹೆಸರಿಲ್ಲ.
ಚಿಕ್ಕವಳಿದ್ದಾಗ ಅದಕ್ಕೆ ನನ್ನ ಟೊಪ್ಪಿ ನೇತುಹಾಕಿ ಆಡಿದ್ದೇನೆ.
ಪಕ್ಕದಲ್ಲಿ ಮುತ್ತಜ್ಜಿಯ ಕಲ್ಲು, ತಪ್ಪು ಇಸವಿ ಹೊತ್ತು.
"ತಿದ್ದಿಸೋಣವಾ?"
"ಸುಮ್ಮನಿರೇ. ಪಿಂಚಣಿ ವಾಪಸ್ ಕೇಳಿಯಾರು."

ರಾತ್ರಿ ವಂಶವೃಕ್ಷದ ಹಾಳೆ ಹಾಸಿ
ಪೆನ್ಸಿಲಿನಲ್ಲಿ ಒಂದು ಟಿಸಿಲು ಎಳೆದೆ
ಹನ್ನೊಂದು ತಿಂಗಳಿಗೆ ಸಾಲುವಷ್ಟು.
ಹೆಸರು ಬರೆಯಲು ಜಾಗವಿಲ್ಲ.
ಪಕ್ಕದ ಒಟ್ಟಿಲಿಯಾ
ಸ್ವಲ್ಪ ಸರಿದು ಕೂರಬೇಕು.